ನಿಲ್ಲದ ಇಸ್ತ್ರಿ

ಮನೆಯ ಮುಂದಿನ ಕೋಣೆಯಿಂದ,
ಸೋಮವಾರ ಬೆಳಿಗ್ಗೆ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬಾಯಿಮಾತಿಗೆ ಕೇಳುತ್ತಿಲ್ಲ. ಕೈ ಹೇಗಿದೆ, ಬೆರಳ ತುದಿ ಮತ್ತೆ ಒಡೆದಿದೆಯಾ, ಜ್ವರ ಗಿರ ಬಂದಿದೆಯಾ, ನಿದ್ದೆ ಬರುತ್ತಿದೆಯಾ, ಒಂದೊಂದಕ್ಕೂ ಬೇರೆ ಬೇರೆ ಉತ್ತರ ಬರಿ. ಎಲ್ಲ ಸೇರಿಸಿ ಚೆನ್ನಾಗಿದ್ದೇನೆ ಅಂತ ಒಂದೇ ಗೆರೆ ಎಳೆದರೆ ನಾನು ನಂಬುವುದಿಲ್ಲ. ಬೆಳಗಿನ ಜಾವ ಒಂದು ಕೆಟ್ಟ ಕನಸು ಬಿತ್ತು ಕಣೋ. ನೀನು ದೊಡ್ಡ ವೇದಿಕೆಯ ಮೇಲೆ ಪಿಟೀಲು ಹಿಡಿದು ನಿಂತಿದ್ದೀಯ. ಎದುರಿಗೆ ಕುರ್ಚಿಗಳೇ ಇಲ್ಲ, ಸಾಲು ಸಾಲಾಗಿ ಇಸ್ತ್ರಿ ಮೇಜುಗಳು. ಒಂದೊಂದು ಮೇಜಿನ ಹತ್ತಿರವೂ ಒಬ್ಬೊಬ್ಬರು, ಎಲ್ಲರೂ ನಿನಗೆ ಬೆನ್ನು ಹಾಕಿಕೊಂಡು ಬಟ್ಟೆ ತಿಕ್ಕುತ್ತಿದ್ದಾರೆ. ನೀನು ನುಡಿಸುತ್ತಿದ್ದೀಯ, ಕತ್ತಿನಿಂದ ಬೆವರು ಇಳಿಯುತ್ತಿದೆ, ಒಬ್ಬರ ಕೈಯೂ ನಿಲ್ಲುತ್ತಿಲ್ಲ. ನಾನು ಬಾಗಿಲಲ್ಲಿ ನಿಂತು, ನಿಲ್ಲಿಸ್ರೋ, ಒಂದು ಗಳಿಗೆ ನಿಲ್ಲಿಸ್ರೋ ಅಂತ ಕೂಗಲು ಹೋದರೆ ಬಾಯಿಂದ ಬರೀ ಹಬೆ ಬರುತ್ತದೆ, ಮಾತು ಬರುವುದಿಲ್ಲ. ಎಚ್ಚರವಾದಾಗ ನಿನ್ನ ಭಾವನ ತೋಳನ್ನು ಉಗುರು ನಾಟುವ ಹಾಗೆ ಹಿಡಿದುಕೊಂಡಿದ್ದೆ. ಅವರು ಕಣ್ಣೂ ಬಿಡದೆ, "ಈ ಸಲ ಯಾರ ಅಂಗಿ ಸುಟ್ಟೆ?" ಅಂದರು. ಅವರಿಗೆ ಎಲ್ಲ ತಮಾಷೆ. ಎದ್ದು ನೀರು ಕುಡಿದೆ, ಬಾಗಿಲ ಚಿಲಕ ನೋಡಿದೆ, ಆರಿಸಿಟ್ಟ ಇಸ್ತ್ರಿ ಪೆಟ್ಟಿಗೆಯನ್ನು ಮತ್ತೆ ಮುಟ್ಟಿ ನೋಡಿದೆ. ಆಮೇಲೆ ಮಲಗಲಿಲ್ಲ.

ಕ್ಯಾಸೆಟ್ಟು ಬಂದು ತಲುಪಿದೆ. ಡಬ್ಬಿಯ ಒಂದು ಮೂಲೆ ಸೀಳಿದೆ, ಒಳಗಿನ ಟೇಪಿಗೆ ಏನೂ ಆಗಿಲ್ಲ, ಬೆಳಕಿಗೆ ಹಿಡಿದು ಹಿಡಿದು ನೋಡಿದೆ. ಜೊತೆಗಿದ್ದ ನಿನ್ನ ಕಾಗದವನ್ನೂ ಓದಿದೆ. ಓದಿದ ಮೇಲೆ ಊಟ ಸೇರಲಿಲ್ಲ. ನಿಮ್ಮ ವಾದ್ಯವೃಂದದ ಹಿರಿಯರು ಅಂದದ್ದನ್ನು ನೀನು ಒಂದಕ್ಷರ ಬಿಡದೆ ಯಾಕೆ ಬರೆದೆಯೋ. ಬರುವ ಶನಿವಾರದ ಕಾರ್ಯಕ್ರಮಕ್ಕೆ ಮುಂದಿನ ಸಾಲುಗಳಲ್ಲಿ ಎಂದಿನ ಹಳೆಯ ಕೇಳುಗರು, ಹಿಂದಿನ ಸಾಲುಗಳಲ್ಲಿ ಈ ಮೊದಲು ಇಂಥ ಕಡೆ ಕಾಲೇ ಇಡದವರು. ಬಾಗಿಲು ತೆರೆದಿಟ್ಟು ಮಾರುಕಟ್ಟೆಯವರನ್ನು, ಆಸ್ಪತ್ರೆಯ ಆಯಾಗಳನ್ನು, ಗಾಡಿ ಓಡಿಸುವವರನ್ನು ಕರೆಯುತ್ತಿದ್ದಾರೆ. ಹೋದ ಸಲ ಒಬ್ಬನು ನುಡಿಸಿದಾಗ ಮುಂದಿನವರು ತಲೆದೂಗಿದರು, ಹಿಂದಿನವರು ಒಬ್ಬೊಬ್ಬರಾಗಿ ಎದ್ದು ಹೋದರು. ಅದಕ್ಕೂ ಹಿಂದಿನ ಸಲ ಹಿಂದಿನವರು ಚಪ್ಪಾಳೆ ತಟ್ಟಿ ತಟ್ಟಿ ಕೈ ನೋಯಿಸಿಕೊಂಡರು, ಮುಂದಿನವರು ಮುಖ ಹುಳ್ಳಗೆ ಮಾಡಿಕೊಂಡು ಹೋದರು. ಈ ಸಲ ಇಬ್ಬರೂ ಕೂತಿರಬೇಕು, ಇಲ್ಲದಿದ್ದರೆ ನಿನ್ನ ಕುರ್ಚಿಗೆ ಬೇರೆಯವರನ್ನು ನೋಡುತ್ತೇವೆ ಅಂದರಂತೆ. ಅದಕ್ಕೇ ನೀನು ಕ್ಯಾಸೆಟ್ಟಿನಲ್ಲಿರುವ ಈ ಹೊಸ ತುಂಡನ್ನು ಕಟ್ಟಿದ್ದೀಯ. ಆದರೂ ನಿನ್ನ ಹಠ ನೋಡು: ನನ್ನದು, ಮೇಷ್ಟ್ರದು, ಇಬ್ಬರ ಹೂಂ ಬರದೆ ಇದನ್ನು ಮುಟ್ಟುವುದಿಲ್ಲವಂತೆ, ಶುಕ್ರವಾರದೊಳಗೆ ಬರದಿದ್ದರೆ ಹಳೆಯದನ್ನೇ ನುಡಿಸುತ್ತೀಯಂತೆ. ಹಳೆಯದನ್ನು ನುಡಿಸಿದರೆ ಕುರ್ಚಿ ಹೋಯಿತು ಅಂತಲೂ ನೀನೇ ಬರೆದಿದ್ದೀಯ. ಹೀಗೆ ಬರೆದರೆ ನಾನು ಏನು ಮಾಡಲೋ!

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಬೈಯಬೇಡ, ಬರೆದರೆ ನನಗೆ ಧೈರ್ಯ. ಮೊದಲಿನಿಂದಲೂ ನಮ್ಮ ಮನೆಯ ಲೆಕ್ಕ ಇದೇ. ನೀನು ಬಟ್ಟೆ ಗಂಟಿನ ಮೇಲೆ ಕೂತು ನುಡಿಸುತ್ತಿದ್ದೆ, ನಾನು ಇಸ್ತ್ರಿ ಮಾಡುತ್ತಿದ್ದೆ, ನಿನ್ನ ಕಣ್ಣು ತಂತಿಯ ಮೇಲಲ್ಲ, ನನ್ನ ಕೈ ಮೇಲೆ. ನನಗೆ ಸ್ವರದ ಹೆಸರೂ ಗೊತ್ತಿಲ್ಲ, ಅಮ್ಮ ಹಾಸಿಗೆ ಹಿಡಿದ ಮೇಲೆ ಶಾಲೆ ಬಿಟ್ಟವಳು, ಓದಿದ್ದಕ್ಕಿಂತ ಮರೆತದ್ದೇ ಹೆಚ್ಚು. ಆದರೆ ಎಲ್ಲಿ ನನ್ನ ಕೈ ತಾನಾಗಿ ನಿಲ್ಲುತ್ತಿತ್ತೋ ಅಲ್ಲಿ ನೀನು ಗುರುತು ಹಾಕಿಕೊಳ್ಳುತ್ತಿದ್ದೆ. ಬ್ಯಾಂಕಿನವರ ಬಿಳಿ ಅಂಗಿ ಸುಟ್ಟ ದಿನ ನೀನು ಕುಣಿದದ್ದು ನನಗೆ ಮರೆತಿಲ್ಲ, ಅವರಿಗೂ ಮರೆತಿಲ್ಲ. ಆಮೇಲೆ ಅದೇ ತುಂಡನ್ನು ತಿರುವಿನ ಗಡಿಯಾರದ ಅಂಗಡಿಯ ಮೇಲಿರುವ ನಿನ್ನ ಸಂಗೀತದ ಮೇಷ್ಟ್ರ ಹತ್ತಿರ ತೆಗೆದುಕೊಂಡು ಹೋಗುತ್ತಿದ್ದೆ. ಅವರು ಅರ್ಧಕ್ಕೇ ತಡೆದು ಬೈಯುತ್ತಿದ್ದರು. "ನಿನ್ನ ಅಕ್ಕನ ಕೈ ನಿಲ್ಲಬೇಕು, ನನ್ನ ಬಾಯಿ ಮುಚ್ಚಬೇಕು. ಎರಡೂ ಆದಮೇಲೆ ವೇದಿಕೆ ಹತ್ತು" ಅಂತ ಅವರು ಹೇಳಿದ್ದೇ ನಿನಗೆ ಶಾಸನವಾಯಿತು. ಏನೂ ತಿಳಿಯದ ನಾನು ಒಂದು ತಕ್ಕಡಿ, ಎಲ್ಲ ತಿಳಿದ ಅವರು ಇನ್ನೊಂದು ತಕ್ಕಡಿ.

ಮೊನ್ನೆ ಶನಿವಾರ ಮೇಷ್ಟ್ರು ಕೋಲೂರಿಕೊಂಡು ಇಲ್ಲಿಗೇ ಬಂದರು, ಅವರ ಹತ್ತಿರ ಟೇಪ್ ರೆಕಾರ್ಡರ್ ಇಲ್ಲವಲ್ಲ. ನಮ್ಮದೂ ಹಳೆಯದು, ಭಾವ ಯಾರದೋ ಮನೆಯ ಪೈಪು ರಿಪೇರಿ ಮಾಡಿದಾಗ ಅವರು ಬಿಸಾಕುವುದರಲ್ಲಿದ್ದರಂತೆ, ತಂದಿದ್ದಾರೆ. ಇಸ್ತ್ರಿಯ ಪಕ್ಕದಲ್ಲೇ, ಅದೇ ಬೋರ್ಡಿಗೆ ಸಿಕ್ಕಿಸಿ ಹಾಕಿದೆ. ವಾರದ ಕೊನೆಯ ಬಟ್ಟೆ ರಾಶಿ ಬಿದ್ದಿತ್ತು, ಮೇಲಾಗಿ ನಮ್ಮ ಪದ್ಧತಿಯೂ ಅದೇ, ಅದಕ್ಕೇ ನಾನು ತಿಕ್ಕುತ್ತಲೇ ಕೇಳಿದೆ. ಮೇಷ್ಟ್ರು ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿದರು. ಒಂದು ಸಲವೂ ತುಟಿ ಬಿಚ್ಚಲಿಲ್ಲ ಕಣೋ. ಮುಗಿದ ಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು, ಕನ್ನಡಕವನ್ನಲ್ಲ, ಕಣ್ಣನ್ನು. "ಇಷ್ಟು ವರ್ಷ ಓಡಬೇಡ ಓಡಬೇಡ ಅಂತ ಬಡ್ಕೊಂಡೆ. ಇವತ್ತು ನಿಂತು ನೋಡಿದಾನೆ. ತಂತೀನೂ ಇಳಿಸಿ ಕಟ್ಟಿದಾನೆ, ಧೈರ್ಯ ಬಂದಿದೆ ಹುಡುಗನಿಗೆ" ಅಂದರು. ಟೀ ಕೂಡ ಕುಡಿಯದೆ ಹೋಗಿ, ನಿನಗೆ ಕಾರ್ಡು ಬರೆದು ಅವತ್ತೇ ಅಂಚೆ ಪೆಟ್ಟಿಗೆಗೆ ಹಾಕಿದ್ದಾರೆ. ಇಷ್ಟು ನಿಧಾನ ನಿನಗೆ ಯಾರಪ್ಪಾ ಕಲಿಸಿದರು ಅಂತ ಬರೆದೆ ಎಂದು ಖುಷಿಯಿಂದ ಹೇಳಿಕಳಿಸಿದರು.

ಅವರ ಹೂಂ ಬಂತು. ಇನ್ನು ನನ್ನದು. ಹೇಗೆ ಬರೆಯಲಿ? ನನ್ನ ಕೈ ನಿಲ್ಲಲಿಲ್ಲ. ಒಂದು ಗಳಿಗೆಯೂ ನಿಲ್ಲಲಿಲ್ಲ. ಭಾನುವಾರ ಒಬ್ಬಳೇ ಮತ್ತೆ ಹಾಕಿಕೊಂಡೆ, ಆಗಲೂ ಇಲ್ಲ. ನಿಲ್ಲುವುದಿರಲಿ, ಕೈ ಇನ್ನೂ ಸಲೀಸಾಗಿ ಹೋಯಿತು, ಗಂಟು ಯಾವಾಗ ಮುಗಿಯಿತು ಅಂತಲೇ ತಿಳಿಯಲಿಲ್ಲ. ಮನಸ್ಸಿಗೆ ತಾಗಿದ್ದರೆ ಕೈ ನಿಲ್ಲಬೇಕಿತ್ತಲ್ಲವಾ? ನನ್ನಂಥವಳಿಗೇ ತಾಗದಿದ್ದರೆ ಹಿಂದಿನ ಸಾಲಿನ ಆ ಆಯಾಗಳಿಗೆ, ಗಾಡಿಯವರಿಗೆ ತಾಗುತ್ತದಾ? ಅವರು ಎದ್ದು ಹೋಗುವುದು ಈಗಲೇ ಕಣ್ಣಿಗೆ ಕಟ್ಟುತ್ತದೆ. ಇಲ್ಲ ಅಂತ ಬರೆದರೆ ನೀನು ಹಳೆಯದನ್ನು ನುಡಿಸುತ್ತೀಯ, ಕುರ್ಚಿ ಹೋಗುತ್ತದೆ. ನಿಂತಿತು ಅಂತ ಸುಳ್ಳು ಬರೆದರೆ ನೀನು ಧೈರ್ಯವಾಗಿ ಹತ್ತುತ್ತೀಯ, ಅವರು ಎದ್ದು ಹೋಗುತ್ತಾರೆ, ಆಗಲೂ ಕುರ್ಚಿ ಹೋಗುತ್ತದೆ. ಭಾವನನ್ನು ಕೇಳಿದರೆ, "ನನ್ನ ಕೇಳ್ತೀಯಲ್ಲ, ನಾನು ಮೊದಲನೇ ಸ್ವರಕ್ಕೇ ಮಲಗೋನು" ಅಂದರು. ಅದೂ ನಿಜವೇ. ಈಗ ಈ ಕಾಗದ ಬರೆಯುತ್ತಾ ಇಸ್ತ್ರಿ ಕಾಯಲು ಇಟ್ಟಿದ್ದೇನೆ, ಮೇಲಿನ ಬಲ್ಬು ಎಂದಿನ ಹಾಗೆ ಮಂಕಾಗಿದೆ, ಅಕ್ಷರ ಸರಿಯಾಗಿ ಕಾಣುತ್ತಿಲ್ಲ. ಅಯ್ಯೋ, ಏನೋ ಕಮಟು ವಾಸನೆ. ಬಟ್ಟೆಯದಲ್ಲ. ಪ್ಲಗ್ಗಿನಿಂದ ಬರುತ್ತಿದೆ, ಪೆಟ್ಟಿಗೆ ತಣ್ಣಗಾಗುತ್ತಿದೆ. ಇದೊಂದು ಬಾಕಿ ಇತ್ತು. ನಿಲ್ಲಿಸುತ್ತೇನೆ.

ಬುಧವಾರ, ಅದೇ ಕೋಣೆ, ಅದೇ ಕಾಗದ

ತಮ್ಮಾ, ಮೇಲೆ ಬರೆದದ್ದನ್ನು ಹರಿದು ಹಾಕಬೇಕು ಅಂದುಕೊಂಡೆ, ಸಮಯವಿಲ್ಲ. ಅದನ್ನು ನಂಬಬೇಡ. ಮೇಷ್ಟ್ರ ಕಾರ್ಡು ಬಂದಿದ್ದರೆ ಅದನ್ನೂ ನಂಬಬೇಡ, ಮುಖ್ಯವಾಗಿ ಕೋಪ ಮಾಡಿಕೊಳ್ಳಬೇಡ. ನಿನ್ನ ಓಟಕ್ಕೆ ಜೀವಮಾನವೆಲ್ಲ ಬೈದವರು ಈಗ ನಿಧಾನ ಯಾರು ಕಲಿಸಿದರು ಅಂತ ಬರೆದರೆ ನೀನು ಅದನ್ನು ಚುಚ್ಚು ಮಾತು ಅಂತಲೇ ತಿಳಿಯುತ್ತೀಯ, ನಿನ್ನ ಸ್ವಭಾವ ನನಗೆ ಗೊತ್ತಿಲ್ಲವಾ? ಅದು ಚುಚ್ಚಲ್ಲ. ಅವರು ಮನಸಾರೆ ಬರೆದದ್ದು. ಆದರೆ ಅವರು ಕೇಳಿದ್ದು ನೀನು ನುಡಿಸಿದ್ದನ್ನಲ್ಲ. ಮೊದಲಿನಿಂದ ಹೇಳುತ್ತೇನೆ, ಸಹಿಸಿಕೋ.

ನಿನ್ನೆ ಮಧ್ಯಾಹ್ನ ಇಸ್ತ್ರಿ ಪೆಟ್ಟಿಗೆಯ ಹೊಟ್ಟೆ ಬಗೆದು ಭಾವ ನೆಲದ ಮೇಲೆ ಪೇಪರು ಹಾಸಿಕೊಂಡು ಕೂತಿದ್ದರು. ಗಿರಾಕಿಗಳು ಬಂದು ಬಂದು ಮುಖ ಸಿಂಡರಿಸಿ ಹೋಗುತ್ತಿದ್ದರು. ನನಗೆ ಕೈಗೆ ಕೆಲಸವಿಲ್ಲದಿದ್ದರೆ ತಲೆಗೆ ಕೆಲಸ ಜಾಸ್ತಿ, ಅದಕ್ಕೇ ನಿನ್ನ ಕ್ಯಾಸೆಟ್ಟನ್ನೇ ಹಾಕಿದೆ. ಆಗ ಬಂದರು ಬಸ್ಸಿನ ಕಂಡಕ್ಟರು. ನೆನಪಿದೆಯಾ, ಹಾರ್ನಿಗಿಂತ ದೊಡ್ಡ ಗಂಟಲಿನವರು, ನೀನು ಚಿಕ್ಕವನಿದ್ದಾಗ ಅಭ್ಯಾಸ ಮಾಡುತ್ತಿದ್ದರೆ "ಅಮ್ಮಾ, ಆ ಬೆಕ್ಕಿನ ಬಾಲದ ಮೇಲಿಂದ ಯಾರಾದ್ರೂ ಕಾಲು ತೆಗೀರಿ" ಅನ್ನುತ್ತಿದ್ದರಲ್ಲ, ಅವರೇ. ಸಮವಸ್ತ್ರದ ಅಂಗಿ ತೆಗೆದುಕೊಳ್ಳಲು ಬಂದವರು ಬಾಗಿಲಿನಿಂದಲೇ, "ಏನಮ್ಮಾ, ಡ್ಯೂಟಿಗೆ ಹೊತ್ತಾಯ್ತು, ಇನ್ನೂ..." ಅಂತ ಶುರು ಮಾಡಿದರು. ಆ ಮಾತು ಅಲ್ಲಿಗೇ ನಿಂತಿತು. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದ ಹಾಗೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತೇಬಿಟ್ಟರು. ನಾನೂ ನೋಡುತ್ತಿದ್ದೇನೆ, ಇದೇನಿದು, ಇದು ಶನಿವಾರ ಕೇಳಿದ್ದೇ ಅಲ್ಲ! ಯಾರೋ ಮೆಟ್ಟಿಲು ದಡದಡ ಇಳಿದು, ಏನೋ ಮರೆತು ಮತ್ತೆ ಹತ್ತಿ, ಮತ್ತೆ ಇಳಿದು, ಬಾಗಿಲು ದಾಟಿ ಬೀದಿಗೆ ಬಿದ್ದ ಹಾಗೆ. ಪ್ರತಿ ಸಲ ಹತ್ತಿ ಬಂದಾಗಲೂ ಈ ಸಲ ಏನು ಮರೆತರಪ್ಪಾ ಅಂತ ನಾನೂ ಅವರ ಜೊತೆ ಹಿಂದಿರುಗುತ್ತಿದ್ದೆ. ಮುಗಿದ ಮೇಲೆ ಕಂಡಕ್ಟರು ಅಂಗಿಯ ಮಾತೇ ಎತ್ತಲಿಲ್ಲ. "ಇನ್ನೊಂದ್ ಟ್ರಿಪ್ ಹೋಗ್ಲಿ" ಅಂದರು.

ಯಾರೋ ಕ್ಯಾಸೆಟ್ಟು ಬದಲಾಯಿಸಿದ್ದಾರೆ ಅಂತ ನಾನು ಹೊರಗೆ ತೆಗೆದು ನೋಡಿದೆ. ನಿನ್ನದೇ ಅಕ್ಷರ, ಅದೇ ಸೀಳಿದ ಡಬ್ಬಿ. ಭಾವನಿಗೆ ಹೇಳಿದರೆ ಅವರು ಸ್ಕ್ರೂ ಬಾಯಲ್ಲಿ ಕಚ್ಚಿಕೊಂಡೇ, "ಇಸ್ತ್ರಿ ಕೆಟ್ಟಿದೆಯಲ್ಲೇ" ಅಂದರು. ಅದಕ್ಕೂ ಇದಕ್ಕೂ ಏನು ಸಂಬಂಧ ಅಂತ ಕೇಳಿದೆ. "ನಂಗೆ ಕರೆಂಟು ಗೊತ್ತಿಲ್ಲ, ನೀರು ಗೊತ್ತು. ದೊಡ್ಡ ನಲ್ಲಿ ಬಿಟ್ರೆ ಅದೇ ಪೈಪಿನ ಸಣ್ಣ ನಲ್ಲೀಲಿ ನೀರು ತೊಟ್ಟಿಕ್ತಾ ಬರಲ್ವಾ? ಇಸ್ತ್ರಿ ಹಚ್ಚಿದ ಕೂಡ್ಲೇ ಬಲ್ಬು ಮಂಕಾಗೋದು ದಿನಾ ನೋಡ್ತೀಯ. ಆ ಮುದಿ ಟೇಪ್ ರೆಕಾರ್ಡರು ಮಾತ್ರ ತನ್ನ ವೇಗಕ್ಕೆ ಓಡುತ್ತಾ?" ಅಂದರು. ನಾನು ಅಲ್ಲೇ ಬಟ್ಟೆ ಗಂಟಿನ ಮೇಲೆ ಕೂತೆ. ನೀನು ಎದುರಿಗೆ ಕೂತು ನುಡಿಸುತ್ತಿದ್ದಾಗ ಇಸ್ತ್ರಿಯಿಂದ ಪಿಟೀಲಿಗೆ ಏನೂ ಆಗುತ್ತಿರಲಿಲ್ಲ. ಪದ್ಧತಿ ಬಿಡಬಾರದು ಅಂತ ಟೇಪಿಗೂ ಇಸ್ತ್ರಿ ಹಚ್ಚಿಕೊಂಡು ಕೂತೆನಲ್ಲ, ನನ್ನಂಥ ಪೆದ್ದಿ ಎಲ್ಲಾದರೂ ಇದ್ದಾಳಾ? ಮೇಷ್ಟ್ರು ಹೂಂ ಅಂದದ್ದು ನಮ್ಮ ಮನೆಯ ಕರೆಂಟಿಗೆ. ನಾನು ಉಹೂಂ ಅನ್ನಲು ಹೊರಟದ್ದೂ ಕರೆಂಟಿಗೆ. ಆ ಕಾರ್ಡು ಆಗಲೇ ದಾರಿಯಲ್ಲಿದೆ. ಚಪ್ಪಲಿ ಅದಲು ಬದಲು ಹಾಕಿಕೊಂಡು ಮೇಷ್ಟ್ರ ಮನೆಗೆ ಓಡಿದೆ. ಅವರು ಮಲಗಿದ್ದರು, ಎಬ್ಬಿಸುವ ಧೈರ್ಯ ಬರದೆ ಮೆಟ್ಟಿಲ ಮೇಲೆ ಕೂತು ಕಾದು, ಬೆಳಿಗ್ಗೆ ಬನ್ನಿ ಅಂತ ಸೊಸೆಯ ಹತ್ತಿರ ಹೇಳಿ ಬಂದೆ. ರಾತ್ರಿ ಹೇಗೆ ಕಳೆಯಿತು ಅಂತ ಬರೆಯುವುದಿಲ್ಲ.

ಇವತ್ತು ಬೆಳಿಗ್ಗೆ ಇಸ್ತ್ರಿಯೂ ಸರಿಹೋಯಿತು, ಮೇಷ್ಟ್ರೂ ಬಂದರು, ಅವರ ಬೆನ್ನಿಗೇ ಅಂಗಿಗೆಂದು ಕಂಡಕ್ಟರೂ ಬಂದರು. ವಿಷಯ ಹೇಳಿ, ಇಸ್ತ್ರಿ ಆರಿಸಿಟ್ಟು, ಕ್ಯಾಸೆಟ್ಟು ಹಾಕಿದೆ. ಮೇಷ್ಟ್ರ ಮುಖ ನೋಡುತ್ತಾ ನಿಂತೆ. ಮೊದಲನೇ ಸುತ್ತಿಗೇ ಹುಬ್ಬು ಗಂಟಾಯಿತು, ಎರಡನೆಯದಕ್ಕೆ ಬಾಯಿ ಬಿಚ್ಚಿತು. "ಓಡ್ತಾನೆ. ಮತ್ತೆ ಅದೇ ಚಟ. ಯಾರು ಅಟ್ಟಿಸ್ಕೊಂಡು ಬರ್ತಿದಾರೆ ಇವನನ್ನ?" ಕಂಡಕ್ಟರು ಸುಮ್ಮನಿರುವ ಆಸಾಮಿಯಾ? "ಓಡಿದ್ರೆ ಏನ್ ಸ್ವಾಮಿ ತಪ್ಪು? ನಿಲ್ಲಿಸಿಟ್ಟ ಬಸ್ಸಿಗೆ ಯಾರಾದ್ರೂ ಹತ್ತುತಾರಾ?" ಅಂದರು. ಮೇಷ್ಟ್ರು ಕೋಲು ನೆಲಕ್ಕೆ ಕುಟ್ಟಿ, "ನಿಮಗೆ ಸಂಗೀತ ಗೊತ್ತೇನ್ರೀ?" ಅಂದರು. "ಗೊತ್ತಿಲ್ಲ. ನಿನ್ನೆಯಿಂದ ಟಿಕೆಟ್ ಹರೀತಾ ಇದನ್ನೇ ಶಿಳ್ಳೆ ಹಾಕ್ತಿದೀನಿ. ಮುಂದಿನ ಸೀಟಿನ ಅಜ್ಜಿ, ಏನಪ್ಪಾ ಸಂಬಳ ಏರಿತಾ ಅಂದ್ಲು. ಗೊತ್ತಿರೋರಿಗೆ ಯಾರಾದ್ರೂ ಹಾಗೆ ಕೇಳಿದಾರಾ?" ಅಂತ ಇವರು. "ಶಿಳ್ಳೆ ಹಾಕಿದ್ದೆಲ್ಲ ಸಂಗೀತ ಅಲ್ಲ" ಅಂತ ಅವರು. "ಕಣ್ಣು ಮುಚ್ಚಿದ್ದೆಲ್ಲ ಕೇಳೋದಲ್ಲ" ಅಂತ ಇವರು. ನೋಡು, ನಿನ್ನ ಮುಂದಿನ ಸಾಲು, ಹಿಂದಿನ ಸಾಲು ಎರಡೂ ನನ್ನ ಇಸ್ತ್ರಿ ಮೇಜಿನ ಆ ಕಡೆ ಈ ಕಡೆ ನಿಂತು ಕಚ್ಚಾಡುತ್ತಿದ್ದವು. ಶನಿವಾರ ಆಗುವುದೂ ಇದೇ, ಒಂದು ಕಡೆಯವರು ಎದ್ದು ಹೋಗುವುದು ಖಂಡಿತ ಅಂತ ನನಗೆ ಅಳು ಬಂದುಬಿಟ್ಟಿತು.

ಭಾವ ಬಾಗಿಲಲ್ಲಿ ಹಲ್ಲುಜ್ಜುತ್ತಿದ್ದವರು ಬ್ರಷ್ಷು ತೆಗೆದು, "ಇಸ್ತ್ರಿ ಹಚ್ಚಿ ಇನ್ನೊಂದ್ಸಲ ಹಾಕು. ಮೇಷ್ಟ್ರಿಗೆ ಅವರ ಸಂಗೀತ ಸಿಗುತ್ತೆ, ಕಂಡಕ್ಟರಿಗೆ ಅವರ ಅಂಗಿ ಸಿಗುತ್ತೆ" ಅಂದರು. ಹಚ್ಚಿದೆ. ಬಲ್ಬು ಮಂಕಾಯಿತು, ಟೇಪು ಉಸ್ಸೆಂದು ಎಳೆಯತೊಡಗಿತು. ಮೇಷ್ಟ್ರು ಮುಖ ತಿರುಗಿಸಿಕೊಂಡೇ ಕೂತಿದ್ದರು, "ಶ್ರುತಿ ಇಳಿದದ್ದನ್ನ ಧೈರ್ಯ ಅಂದ್ಕೊಂಡೆನಲ್ಲ, ಕರೆಂಟಿನ ಧೈರ್ಯ" ಅಂತ ಗೊಣಗಿದರು. ಕಂಡಕ್ಟರು ಮೊದಮೊದಲು ಗಡಿಯಾರ ನೋಡುತ್ತಿದ್ದರು. ಆಮೇಲೆ ನೋಡುವುದು ಬಿಟ್ಟರು. ಬಂದು ಬಟ್ಟೆ ಗಂಟಿನ ಮೇಲೆ, ನೀನು ಕೂರುತ್ತಿದ್ದ ಜಾಗದಲ್ಲೇ ಕೂತರು. ಆ ಗಂಟಲಿನಿಂದ ಅಷ್ಟು ಸಣ್ಣ ದನಿ ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. "ಅದೇ ಅಲ್ವಾ ಇದು? ದಿನಾ ಬಸ್ಸಲ್ಲಿ ಹೋಗೋ ಬೀದೀಲಿ ಇವತ್ತು ನಡ್ಕೊಂಡು ಹೋದ ಹಾಗಿದೆ. ಇಷ್ಟೊಂದು ಮನೆ ಇದ್ವಾ ಇಲ್ಲಿ?" ಅಂದರು. ಮೇಷ್ಟ್ರು ತಿರುಗಿ ಅವರನ್ನೇ ನೋಡಿದರು.

ನಾನು ಅವರ ಅಂಗಿಯನ್ನೇ ತಿಕ್ಕುತ್ತಿದ್ದೆ. ಕಾಲರು ಆಯಿತು, ತೋಳಾಯಿತು, ಜೇಬಿನ ಹತ್ತಿರ ಬಂದಿದ್ದೆ. ಕೊನೆಯ ಸುತ್ತು ಬಂತು. ಅಲ್ಲಿ ನನ್ನ ಕೈ ನಿಂತಿತು ಕಣೋ. ಯಾಕೆ ನಿಂತಿತು ಅಂತ ಅವರಿಬ್ಬರಿಗೂ ಹೇಳಿಲ್ಲ. ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ, ಮೇಷ್ಟ್ರಿಗೆ ವಾಸನೆ ಬಂದು, "ನಿಂತಿತು! ನಿಂತಿತು!" ಅಂತ ಕೋಲು ಬಿಟ್ಟು ಎದ್ದರು. ಎತ್ತಿ ನೋಡಿದರೆ ಜೇಬಿನ ಮೇಲೆ ಪೆಟ್ಟಿಗೆಯ ಮೂತಿಯ ಅಚ್ಚು, ಕಂದು ಬಣ್ಣ, ಸ್ಪಷ್ಟವಾಗಿ. ಕಂಡಕ್ಟರು ಅಂಗಿಯನ್ನು ಬೆಳಕಿಗೆ ಹಿಡಿದು, "ಪರೀಕ್ಷೆ ಮಾಡೋಕೆ ನನ್ನ ಅಂಗೀನೇ ಬೇಕಿತ್ತಾ ತಾಯೀ?" ಅಂದರು. ನಾನು ಅಳುತ್ತಿದ್ದೆ, ಅವರು ಅದು ಅಂಗಿಗಾಗಿ ಅಂದುಕೊಂಡು, "ಹೋಗ್ಲಿ ಬಿಡಮ್ಮ, ಜೇಬಿನ ಮೇಲೆ ಬ್ಯಾಗಿನ ಪಟ್ಟಿ ಬರುತ್ತೆ, ಯಾರಿಗೂ ಕಾಣಲ್ಲ" ಅಂತ ಸಮಾಧಾನ ಮಾಡಿದರು.

ಆಮೇಲೆ ಮೇಷ್ಟ್ರೇ ಎದ್ದು ಇಸ್ತ್ರಿಯ ಪ್ಲಗ್ಗು ಕಿತ್ತರು. "ಮೊದಲಿನ ಹಾಗೆ ಹಾಕು, ಅವನ ಓಟಾನೇ ಹಾಕು" ಅಂದರು. ಹಾಕಿದೆ. ಅದೇ ಓಟ. ಈ ಸಲ ಅವರ ಬಾಯಿ ಮುಚ್ಚಿತ್ತು. ಸ್ಟೂಲಿನ ಕೆಳಗೆ ಅವರ ಕಾಲು ತಾಳ ಹಾಕುತ್ತಿತ್ತು, ನಾನು ನೋಡಿದೆ, ಕಂಡಕ್ಟರೂ ನೋಡಿದರು, ನೋಡಿ ನನಗೆ ಕಣ್ಣು ಮಿಟುಕಿಸಿದರು. ಮುಗಿದ ಮೇಲೆ ಮೇಷ್ಟ್ರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ಒಂದು ಮಾತೂ ನನ್ನದಲ್ಲ: "ಒಳಗೆ ಏನಿದೆ ಅಂತ ಕಂಡಮೇಲೆ ಓಟ ಓಟ ಅನ್ನಿಸಲ್ಲ. ಆದ್ರೆ ಮೊದಲನೇ ಸಲ ಕೇಳೋ ನನ್ನಂಥ ಮುದುಕನಿಗೆ ಒಳಗಿರೋದನ್ನ ಯಾರು ತೋರಿಸ್ತಾರೆ? ಅಲ್ಲಿ ಇಸ್ತ್ರಿ ಇರಲ್ಲ. ಅದನ್ನ ಅವನೇ ಯೋಚಿಸ್ಲಿ. ನನ್ನ ಹೂಂ ಇದಕ್ಕೂ ಇದೆ." ನಾನು, ಹಾಗಾದರೆ ಇನ್ನೊಂದು ಕಾರ್ಡು ಬರೆಯಿರಿ ಅಂದೆ. "ಹೋದ ಕಾರ್ಡಲ್ಲಿ ಕರೆಂಟಿಗೆ ಶಭಾಷ್ ಅಂದಿದೀನಿ. ಇನ್ನೊಂದು ಬರೆದು ಮತ್ತೆ ನಗೆಪಾಟಲಾಗ್ಲಾ? ನೀನೇ ಬರಿ" ಅಂತ ಕೋಲು ತೆಗೆದುಕೊಂಡು ಹೋದರು. ಬಾಗಿಲಲ್ಲಿ ಕಂಡಕ್ಟರಿಗೆ ದಾರಿ ಬಿಟ್ಟು ನಿಂತರು. ಅವರು ಯಾರಿಗೂ ದಾರಿ ಬಿಟ್ಟದ್ದನ್ನು ನಾನು ಕಂಡಿಲ್ಲ.

ಹಾಗಾಗಿ ಬೇಕಿದ್ದ ಎರಡು ಹೂಂ ಬಂದಿವೆ. ಮೇಷ್ಟ್ರದು ಒಂದು, ನನ್ನದು ಒಂದು, ಅದರ ಮೇಲೆ ಬೇಡವೆಂದರೂ ಕಂಡಕ್ಟರದು ಒಂದು. ಹೊಸದನ್ನೇ ನುಡಿಸು. ಅಂಚೆಗೆ ಹಾಕಿದರೆ ಶುಕ್ರವಾರದೊಳಗೆ ಸಿಗುತ್ತದೋ ಇಲ್ಲವೋ ಅಂತ ಭಯ, ಅದಕ್ಕೇ ಕಂಡಕ್ಟರ ಕೈಯಲ್ಲಿ ಕಳಿಸುತ್ತಿದ್ದೇನೆ. ನಿಮ್ಮ ಊರಿನ ಕಡೆ ಹೋಗುವ ಬಸ್ಸಿನ ಡ್ರೈವರು ಇವರ ಜೊತೆಯವರಂತೆ, ನಾಳೆ ಬೆಳಿಗ್ಗೆ ಸಭಾಂಗಣದ ಕಾವಲಿನವರ ಕೈಗೆ ಮುಟ್ಟಿಸುತ್ತಾರಂತೆ. ಇವರು ಕೈಯಲ್ಲಿ ಹಿಡಿದು ಮರೆತರೆ, ಅವರು ಸೀಟಿನ ಕೆಳಗೆ ಬೀಳಿಸಿದರೆ, ಕಾವಲಿನವರು ಬೇರೆ ಯಾರಿಗೋ ಕೊಟ್ಟರೆ, ಯೋಚಿಸಿದರೆ ಮುಗಿಯುವುದೇ ಇಲ್ಲ. ಸಿಕ್ಕಿದ ಕೂಡಲೇ ಆ ಡ್ರೈವರ ಕೈಯಲ್ಲೇ ಒಂದು ಗೆರೆ ಬರೆದು ಕಳಿಸು. ಕಾರ್ಯಕ್ರಮದ ದಿನ ಫ್ಯಾನಿನ ಕೆಳಗೆ ಕೂರಬೇಡ, ತಣ್ಣೀರು ಕುಡಿಯಬೇಡ, ಇನ್ನೊಂದು ತಂತಿ ಜೇಬಿನಲ್ಲಿಟ್ಟುಕೋ, ಅಂಗಿ ನಾನು ಮಡಿಸಿಕೊಟ್ಟ ಹಾಗೇ ಇರಲಿ, ಅಲ್ಲಿ ಯಾರ ಹತ್ತಿರವೂ ಇಸ್ತ್ರಿ ಮಾಡಿಸಬೇಡ, ಸುಟ್ಟುಬಿಡುತ್ತಾರೆ.

ಕೈ ಬೆಚ್ಚಗಿರಲಿ, ಕಮಾನು ನೇರವಾಗಿ ಹೋಗಲಿ, ಎದುರಿಗೆ ಕೂತವರೆಲ್ಲ ಕೂತೇ ಇರಲಿ. ಭಾವ ನಿನ್ನನ್ನು ಕೇಳಿದ್ದಾರೆ, ಶನಿವಾರ ನಿನ್ನ ಸಂಗೀತ ಮುಗಿಯುವ ತನಕ ಇಲ್ಲೇ ಎಚ್ಚರವಾಗಿರುತ್ತಾರಂತೆ, ಅದೇ ದೊಡ್ಡ ಆಶೀರ್ವಾದ ಅಂದುಕೋ.

ನಿನ್ನ
ಅಕ್ಕ

ಮತ್ತೆ: ಕಂಡಕ್ಟರು ಸುಟ್ಟ ಅಂಗಿ ಹಾಕಿಕೊಂಡು ಬಾಗಿಲಲ್ಲಿ ಶಿಳ್ಳೆ ಹಾಕುತ್ತಿದ್ದಾರೆ, ಬೇಗ ಬರೆಯುತ್ತೇನೆ. ಕೈ ಯಾಕೆ ನಿಂತಿತು ಅಂತ ನಿನಗೆ ಮಾತ್ರ ಹೇಳುತ್ತೇನೆ. ಕೊನೆಯ ಸುತ್ತಿನಲ್ಲಿ ನಿನ್ನ ಪಿಟೀಲಿನ ಕೆಳಗೆ, ನಿಮ್ಮ ವೃಂದದಲ್ಲಿ ಒಬ್ಬರು ಕಾಲ ಮಧ್ಯೆ ಇಟ್ಟುಕೊಂಡು ನುಡಿಸುವ ಆ ದೊಡ್ಡ ಪಿಟೀಲು ಬರುತ್ತದಲ್ಲ, ಇಟ್ಟು, ಒತ್ತಿ, ಎಳೆದು, ಎತ್ತಿ, ಮತ್ತೆ ಇಟ್ಟು. ಅದು ನನ್ನ ಕೈ ಕಣೋ. ಇದೇ ಮೇಜಿನ ಸದ್ದು. ಹೋದ ಶನಿವಾರವೂ ಭಾನುವಾರವೂ ನಿಲ್ಲದೆ ಹೋದದ್ದು ಅದಕ್ಕೇ, ಅದು ನನ್ನ ಜೊತೆಜೊತೆಗೇ ಹೋಗುತ್ತಿತ್ತು, ಬೇರೆ ಅಂತ ಕೇಳಿಸಲೇ ಇಲ್ಲ. ನಡುವೆ ಕೈ ಖಾಲಿ ಇಟ್ಟುಕೊಂಡು ಓಟದಲ್ಲಿ ಕೇಳಿದ್ದಕ್ಕೇ ಇವತ್ತು ಗುರುತು ಸಿಕ್ಕಿತು. ನೀನು ಬೇಕೆಂದೇ ಹಾಕಿದೆಯೋ ತಾನಾಗಿ ಬಂತೋ ನಾನು ಕೇಳುವುದಿಲ್ಲ. ಆದರೆ ನಿನ್ನ ವೇಗದಲ್ಲಿ ಅದೂ ಓಡುತ್ತದೆ. ಅಷ್ಟು ಬೇಗ ತಿಕ್ಕಿದರೆ ಸುಕ್ಕು ಹೋಗುವುದಿಲ್ಲ. ಮೇಲಿನದು ಹೇಗೆ ಬೇಕಾದರೂ ಓಡಲಿ, ಕಂಡಕ್ಟರಿಗೆ ಅದೇ ಬೇಕು. ಕೆಳಗಿನದನ್ನು ಮಾತ್ರ ಶನಿವಾರಕ್ಕೆ ಮೊದಲು ಇನ್ನೊಂದು ಸಲ ಕೂತು ನೋಡು. ಪೆಟ್ಟಿಗೆ ಎತ್ತುವ ಮೊದಲು ನಾನು ಒಂದು ಉಸಿರಿನಷ್ಟು ಹೊತ್ತು ಒತ್ತಿ ಹಿಡಿಯುತ್ತೇನಲ್ಲ, ಅದು ಇದೆಯಾ?